ಐದನೇ ಸಾಲಿನ ಮೂರನೆಯ ಬಾಚಣಿಗೆ

ಡ್ರೈವಿಂಗ್ ಲೈಸೆನ್ಸಿನ ಅವಧಿ ಮುಗಿಯಲು ಆರು ವಾರ ಉಳಿದಿದ್ದಾಗ ಯೂಸುಫ್ ಕಾಕನ ಬಲಗಣ್ಣನ್ನು ನೋಡಿದ ಡಾಕ್ಟರು, ಗಾಯ ಮಾಗಿದೆ, ಇನ್ನು ಕನ್ನಡಕಕ್ಕೆ ನಂಬರು ಬರೆಸಿಕೊಳ್ಳಬಹುದು ಎಂದರು. ಅದು 1996ರ ಏಪ್ರಿಲ್ ತಿಂಗಳು. ರಂಜಾನ್ ಹಬ್ಬ ಕಳೆದ ಮೇಲೆ ಪೊರೆ ತೆಗೆಸಿಕೊಂಡ ಕಣ್ಣು ಅದು. ಕನ್ನಡಕ ಬರಬೇಕು, ಅದನ್ನು ಹಾಕಿಕೊಂಡು ಲೈಸೆನ್ಸ್ ಕಚೇರಿಯ ಕಣ್ಣಿನ ಪರೀಕ್ಷೆಯಲ್ಲಿ ಪಾಸಾಗಬೇಕು, ಆಗ ಇನ್ನೈದು ವರ್ಷ ಗಾಡಿ ಓಡಿಸಬಹುದು. ಪಾಸಾಗದಿದ್ದರೆ ಊರಿಗೆ ಟಿಕೆಟ್. ಮನೆ ಡ್ರೈವರನ ವೀಸಾದಲ್ಲಿ ಇರುವವನಿಗೆ ಗಾಡಿ ಬಿಟ್ಟು ಬೇರೆ ಕೆಲಸವಿಲ್ಲ.

ಊರು ಎಂದರೆ ಉಳ್ಳಾಲ. ಅಲ್ಲಿ ಹೆಂಡತಿ ಕುಲ್ಸುಂ, ಟೀಚರ್ ಟ್ರೈನಿಂಗಿಗೆ ಹೋಗುವ ಕೊನೆಯ ಮಗಳು ಝುಲೈಖಾ. ಝುಲೈಖಾಳ ಓದು ಮುಗಿಯಲು ಎರಡು ವರ್ಷ ಇತ್ತು. ಅಲ್ಲಿಯವರೆಗೆ ಇರಬೇಕು ಎಂಬುದು ಯೂಸುಫ್ ಕಾಕನ ಲೆಕ್ಕ. ಅದಕ್ಕಿಂತ ಹೆಚ್ಚಿನದನ್ನು ಅವರು ಯಾರಲ್ಲೂ ಹೇಳಿದವರಲ್ಲ, ದುವಾದಲ್ಲಿ ಕೇಳಿದವರೂ ಅಲ್ಲ.

ಅವರು ಕತಾರಿಗೆ ಬಂದದ್ದು 1974ರಲ್ಲಿ. ಮೊದಲ ಎರಡು ವರ್ಷ ಅಲ್ ವಕ್ರಾದಲ್ಲಿ ನೀರಿನ ಟ್ಯಾಂಕರಿನ ಕ್ಲೀನರ್ ಆಗಿ, ಮನೆಮನೆಗೆ ಪೈಪು ಎಳೆದರು. ಆಮೇಲೆ ಅದೇ ಟ್ಯಾಂಕರಿಗೆ ಡ್ರೈವರ್ ಆದರು. ಹದಿನೈದು ವರ್ಷಗಳಿಂದ ಮದೀನತ್ ಖಲೀಫಾದ ಒಂದು ಅರಬಿ ಮನೆಯಲ್ಲಿದ್ದರು. ಗೇಟಿನ ಪಕ್ಕದಲ್ಲಿ ಅವರ ಕೋಣೆ. ಆ ಮನೆಯ ನಾಲ್ಕು ಮಕ್ಕಳನ್ನು ಶಾಲೆಗೆ ಬಿಟ್ಟು ಬಂದವರು ಅವರೇ. ದೊಡ್ಡವರು ಮೂವರೂ ಈಗ ತಮ್ಮ ತಮ್ಮ ಗಾಡಿ ತಾವೇ ಓಡಿಸುತ್ತಿದ್ದರು. ಉಳಿದದ್ದು ಎಂಟು ವರ್ಷದ ಜುವೈರಿಯಾ. ಹಿಂದಿನ ಸೀಟಿನಲ್ಲಿ ಕುಳಿತು ದಾರಿಯುದ್ದಕ್ಕೂ ಮಾತಾಡುವವಳು, ಉತ್ತರ ಬರದಿದ್ದರೆ ಸೀಟಿಗೆ ಕಾಲಿನಿಂದ ಒದೆಯುವವಳು.

ಈಗ ಬೋರ್ಡಿನ ವಿಷಯ ಹೇಳಬೇಕು.

ಕಣ್ಣಿನ ಪರೀಕ್ಷೆಗೆ ಲೈಸೆನ್ಸ್ ಕಚೇರಿಯಲ್ಲಿ ಅಕ್ಷರಗಳ ಬೋರ್ಡು ಇರಲಿಲ್ಲ. ಹತ್ತು ದೇಶದ ಜನ ಬರುವ ಜಾಗ. ಯಾರಿಗೆ ಯಾವ ಅಕ್ಷರ ಬರುತ್ತದೆ? ಆದ್ದರಿಂದ ಮೂರು ಹಲ್ಲಿನ ಬಾಚಣಿಗೆಯಂಥ ಒಂದೇ ಗುರುತು, ಸಾಲು ಸಾಲಾಗಿ. ಮೇಲೆ ಒಂದು ದೊಡ್ಡದು, ಕೆಳಗೆ ಹೋದಂತೆ ಸಣ್ಣ ಸಣ್ಣವು. ಒಂದರ ಹಲ್ಲು ಬಲಕ್ಕೆ, ಒಂದರದು ಎಡಕ್ಕೆ, ಒಂದರದು ಮೇಲಕ್ಕೆ, ಇನ್ನೊಂದರದು ಕೆಳಕ್ಕೆ. ಹಲ್ಲು ಎತ್ತ ತಿರುಗಿದೆಯೋ ಅತ್ತ ಬೆರಳು ತೋರಿಸಬೇಕು. ಐದನೇ ಸಾಲಿನವರೆಗೆ ತೋರಿಸಿದರೆ ಪಾಸು. ಒಂದು ತಪ್ಪಾದರೆ ಬಿಟ್ಟುಬಿಡುತ್ತಾರೆ, ಎರಡಾದರೆ ವಾಪಸು.

ಹಳೆ ಪೇಟೆ ಸೂಕ್ ವಾಕಿಫ್‌ನ ಹಿಂದಿನ ಓಣಿಯಲ್ಲಿ ನಮ್ಮ ಕರಾವಳಿಯವರ ಒಂದು ರೂಮು ಇತ್ತು. ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಎಲ್ಲರೂ ಅಲ್ಲಿ ಸೇರುತ್ತಿದ್ದರು. ಕುಚ್ಚಲಕ್ಕಿ ಅನ್ನ, ಮೀನು ಸಾರು, ಊರಿಂದ ಬಂದ ಕಾಗದಗಳು. ಆ ರೂಮಿನಲ್ಲಿ ಮೊದಲು ಲೈಸೆನ್ಸ್ ಪಡೆದವನು ಥಿಯೋಡೋರ್ ಎಂಬ ಮಂಗಳೂರಿನ ಕುಲಶೇಖರದವನು, ಅಂಗಡಿಗಳ ಬೋರ್ಡು ಬರೆಯುವವನು. ಪರೀಕ್ಷೆ ಮುಗಿಸಿ ಬಂದ ದಿನವೇ ಅವನು ಕ್ಯಾಲೆಂಡರಿನ ಹಾಳೆಯ ಹಿಂದೆ ಆ ಬಾಚಣಿಗೆಗಳನ್ನೆಲ್ಲ ನೆನಪಿನಿಂದ ಬರೆದುಬಿಟ್ಟ. ಅಂದಿನಿಂದ ಆ ಹಾಳೆ ರೂಮಿನ ಆಸ್ತಿಯಾಯಿತು. ಪರೀಕ್ಷೆಗೆ ಹೋಗುವವರು ಹಿಂದಿನ ಶುಕ್ರವಾರ ಅದನ್ನು ಗೋಡೆಯಿಂದ ಕೆಳಗಿಳಿಸಿ ಬಾಯಿಪಾಠ ಮಾಡುತ್ತಿದ್ದರು. ಕಣ್ಣು ಚೆನ್ನಾಗಿದ್ದವರೂ ಮಾಡುತ್ತಿದ್ದರು. ಹೆದರಿಕೆಗೆ ಕಣ್ಣಿಗೆ ಕತ್ತಲೆ ಬಂದರೆ ಬಾಯಿಪಾಠವಾದರೂ ನೆನಪಿನಲ್ಲಿರಲಿ ಎಂದು.

ಯೂಸುಫ್ ಕಾಕ ಅದನ್ನು 1976ರಲ್ಲಿ ಕಲಿತರು. ಮದ್ರಸದಲ್ಲಿ ಉಸ್ತಾದರ ಮುಂದೆ ಕುಳಿತು ಕಲಿತದ್ದು ಹೇಗೆ ಮರೆಯಲಿಲ್ಲವೋ ಹಾಗೆಯೇ ಇದೂ ಮರೆಯಲಿಲ್ಲ. ಐದು ವರ್ಷಕ್ಕೊಮ್ಮೆ ಹೋಗಿ ಬೆರಳು ತೋರಿಸಿ ಬಂದರು. ಮೊದಲ ಮೂರು ಸಲ ಕಣ್ಣೂ ಕಾಣುತ್ತಿತ್ತು. 1991ರಲ್ಲಿ ಹೋದಾಗ ಬಲಗಣ್ಣಿಗೆ ಹೊಗೆ ಹಿಡಿದ ಚಿಮಿಣಿ ಗಾಜಿನ ಹಾಗೆ ಆಗಿತ್ತು. ಎರಡನೇ ಸಾಲಿನಿಂದ ಕೆಳಗೆ ಬರೇ ಕಪ್ಪು ಚುಕ್ಕೆ. ಆದರೂ ಐದನೇ ಸಾಲು ಮುಗಿಯುವವರೆಗೆ ಬೆರಳು ಎಲ್ಲೂ ನಿಲ್ಲಲಿಲ್ಲ. ಆಮೇಲೆ ಅದನ್ನು ಮರೆತರು. ಮರೆತೆ ಎಂದುಕೊಂಡರು.

ಕಣ್ಣಿನ ಕ್ಲಿನಿಕ್ಕಿನಲ್ಲಿ ನಂಬರು ನೋಡುವವಳು ಹೇಮಲತಾ ಎಂಬ ಹೆಂಗಸು. ನಲವತ್ತರ ಹತ್ತಿರದ ವಯಸ್ಸು, ಬಿಳಿ ಕೋಟು, ಕುತ್ತಿಗೆಗೆ ಸರದಂತೆ ಇಳಿಬಿಟ್ಟ ಕನ್ನಡಕ. ಯೂಸುಫ್ ಕಾಕ ಒಳಗೆ ಹೋದಾಗ ಅವಳು ಫೋನಿನಲ್ಲಿ ಯಾರೊಡನೆಯೋ ತುಳುವಿನಲ್ಲಿ ಮಾತಾಡುತ್ತಿದ್ದಳು. ಮಗುವಿನ ಜ್ವರ, ಗಂಜಿ, ಉಪ್ಪಿನಕಾಯಿ ಕೊಡಬೇಡಿ. ಅವರ ಕಿವಿಗೆ ಅದೆಲ್ಲ ತಂಪಾಗಿ ಬಿತ್ತು. ಆದರೂ ನಾನು ನಿಮ್ಮ ಕಡೆಯವನೇ ಎಂದು ಹೇಳಲಿಲ್ಲ. ಪರಿಚಯವಾದರೆ ಪ್ರಶ್ನೆ ಹೆಚ್ಚು. ಅವಳು ಫೋನಿಟ್ಟು ಹಿಂದಿಯಲ್ಲಿ, "ಕುಳಿತುಕೊಳ್ಳಿ ಚಾಚಾ" ಎಂದಳು.

ಕುಳಿತರು. ಎದುರು ಗೋಡೆಯಲ್ಲಿ ಅದೇ ಬೋರ್ಡು ಇತ್ತು.

ಅವಳು ಮೊದಲು ಕಣ್ಣನ್ನು ದೀಪದ ಮಿಷನಿನಲ್ಲಿ ನೋಡಿ ಏನೇನೋ ಬರೆದುಕೊಂಡಳು. ಬಳಿಕ ಎಡಗಣ್ಣಿಗೆ ಮುಚ್ಚಳ ಹಾಕಿ, "ಬರಿಗಣ್ಣಲ್ಲಿ ಎಲ್ಲಿಯವರೆಗೆ ಕಾಣ್ತದೆ ತೋರಿಸಿ" ಎಂದಳು.

ಯೂಸುಫ್ ಕಾಕನಿಗೆ ಮೇಲಿನ ದೊಡ್ಡ ಬಾಚಣಿಗೆ ಕಂಡಿತು. ಎರಡನೇ ಸಾಲು ನೀರಿನಲ್ಲಿ ಬಿದ್ದಂತೆ ಅಲುಗಾಡುತ್ತಿತ್ತು. ಅದರ ಕೆಳಗಿನದು ಬರೇ ಮಸಿ. ಕಾಣುವುದಿಲ್ಲ ಎಂದರೆ ಇವಳು ಕಾಣುವುದಿಲ್ಲ ಎಂದು ಬರೆಯುತ್ತಾಳೆ. ಬರೆದ ಕಾಗದ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು? ಇಷ್ಟು ಯೋಚಿಸುವಷ್ಟರಲ್ಲಿ ಬೆರಳು ಹೊರಟೇ ಹೋಗಿತ್ತು. ಬಲ. ಕೆಳಗೆ, ಎಡ. ಮೂರನೇ ಸಾಲು, ನಾಲ್ಕನೇ ಸಾಲು. ಐದನೆಯದು: ಮೇಲೆ, ಕೆಳಗೆ, ಎಡ, ಬಲ, ಮೇಲೆ.

ಅವಳು ಕಾಗದ ನೋಡಿದಳು, ಅವರನ್ನು ನೋಡಿದಳು.

"ಮಿಷನಿನಲ್ಲಿ ನಂಬರು ಜಾಸ್ತಿ ಬರ್ತದೆ. ಆದ್ರೆ ನೀವು ಬರಿಗಣ್ಣಲ್ಲೇ ಓದ್ತೀರಿ. ಒಂದೇ ಒಂದು ತಪ್ಪು." ಕಬ್ಬಿಣದ ಚೌಕಟ್ಟನ್ನು ಮೂಗಿಗೆ ಏರಿಸಿ ಒಂದೊಂದೇ ಗಾಜು ಸಿಕ್ಕಿಸಿದಳು. "ಇದು ಒಳ್ಳೇದಾ, ಅದು ಒಳ್ಳೇದಾ?"

"ಇದೂ ಒಳ್ಳೇದು."

"ಅದು?"

"ಅದೂ ಒಳ್ಳೇದು."

ಹೊರಗೆ ಇನ್ನೂ ಹನ್ನೊಂದು ಜನ ಕಾದಿದ್ದರು. ಅವಳು ಅವರ ಮಾತಿನಂತೆ ದೂರಕ್ಕೆ ಅಲ್ಪ ನಂಬರು, ಹತ್ತಿರಕ್ಕೆ ಓದುವ ನಂಬರು ಬರೆದು ಚೀಟಿ ಕೊಟ್ಟಳು. "ಒಳ್ಳೆ ಆಪರೇಷನ್ ಚಾಚಾ, ನಿಮ್ಮ ಅದೃಷ್ಟ" ಎಂದಳು. ಯೂಸುಫ್ ಕಾಕ ತಲೆಯಾಡಿಸಿದರು. ಡಾಕ್ಟರು ಇನ್ನು ತಲೆ ಬಗ್ಗಿಸಬಹುದು ಎಂದೂ ಹೇಳಿದ್ದರು. ಆರು ವಾರ ಕುರ್ಚಿಯಲ್ಲಿ ಕುಳಿತೇ ನಮಾಜು ಮಾಡಿದ್ದ ಅವರು ಅಂದು ಇಳಿಹೊತ್ತಿನ ಅಸರ್‌ಗೆ ಹಣೆಯನ್ನು ನೆಲಕ್ಕೆ ಮುಟ್ಟಿಸಿದರು. ಏಳುವುದು ಸ್ವಲ್ಪ ತಡವಾಯಿತು.

ಮೂರು ದಿನಕ್ಕೆ ಕನ್ನಡಕ ಬಂತು. ಕಂದು ಚೌಕಟ್ಟು, ಕೆಳಗೆ ಓದಲು ಅರ್ಧಚಂದ್ರದ ಗಾಜು. ಕುಲ್ಸುಂ ಕಳಿಸಿದ ಕಾಗದವನ್ನು ಆ ಅರ್ಧಚಂದ್ರದಲ್ಲಿ ಇಟ್ಟು ನೋಡಿದರೆ ಅಕ್ಷರಗಳು ಒಂದಕ್ಕೆ ಇನ್ನೊಂದು ನೆರಳು ಅಂಟಿಸಿಕೊಂಡು ನಿಂತಿದ್ದವು. ಹೊಸತು, ಒಗ್ಗಬೇಕು ಎಂದುಕೊಂಡರು. ಆರು ವಾರ ಜುವೈರಿಯಾಳನ್ನು ಶಾಲೆಗೆ ಬಿಡುತ್ತಿದ್ದವನು ಅವಳ ಸೋದರಮಾವನ ಮನೆಯ ಡ್ರೈವರ್, ಸಿಲೋನಿನ ಪೆರೇರ. ಅವನಿಂದ ಕೀಲಿಕೈ ಇಸಿದುಕೊಂಡು ಶನಿವಾರ ಬೆಳಿಗ್ಗೆ ಯೂಸುಫ್ ಕಾಕ ಗಾಡಿ ಹತ್ತಿದರು.

ಆ ವರ್ಷ ಶಾಲೆಯ ದಾರಿಯ ಎರಡೂ ಬದಿಗೆ ಖರ್ಜೂರದ ಎಳೆ ಗಿಡಗಳನ್ನು ನೆಟ್ಟಿದ್ದರು. ಬಿಸಿಲಿಗೆ ಬಾಡದಂತೆ ಒಂದೊಂದಕ್ಕೂ ಗೋಣಿ ಸುತ್ತಿ ಹಗ್ಗ ಕಟ್ಟಿದ್ದರು. ಆಳೆತ್ತರ. ಯೂಸುಫ್ ಕಾಕ ಒಂದು ತಿರುವಿನಲ್ಲಿ ಗಾಡಿ ನಿಲ್ಲಿಸಿದರು. ನಿಲ್ಲಿಸಿ ಕಾದರು.

"ಯೂಸುಫ್, ಯಾಕೆ ನಿಂತೆ?" ಜುವೈರಿಯಾ ಕೇಳಿದಳು. ಅರಬಿಯಲ್ಲಿ ದೊಡ್ಡವರಿಗೆಂದು ಬಹುವಚನವಿಲ್ಲ. ಅವಳು ಯಾವಾಗಲೂ ಹಾಗೆಯೇ ಕರೆಯುತ್ತಿದ್ದಳು.

"ಆ ಮನುಷ್ಯ ದಾಟಲಿ."

"ಯಾವ ಮನುಷ್ಯ?"

"ಅಲ್ಲಿ ನಿಂತಿದ್ದಾನಲ್ಲ."

ಹುಡುಗಿ ಮುಂದಕ್ಕೆ ಬಾಗಿ ನೋಡಿದಳು. ನೋಡಿ ಸೀಟಿನ ಮೇಲೆ ಬಿದ್ದು ಬಿದ್ದು ನಕ್ಕಳು. "ಅದು ಗಿಡ! ಯೂಸುಫ್ ಗಿಡಕ್ಕೆ ದಾರಿ ಬಿಡ್ತಾನೆ!" ಸಂಜೆಯೊಳಗೆ ಮನೆಯವರಿಗೆಲ್ಲ ಗೊತ್ತಾಯಿತು. ಅಡುಗೆಯವಳೂ ನಕ್ಕಳು. ಯೂಸುಫ್ ಕಾಕನೂ ನಕ್ಕರು. ನಗದಿದ್ದರೆ ಮಾತು ಬೆಳೆಯುತ್ತಿತ್ತು.

ಆ ಶುಕ್ರವಾರ ರೂಮಿನಲ್ಲಿ ನಿಝಾಮ್ ಇದ್ದ. ಬಂಟ್ವಾಳ ಕಡೆಯವನು, ನಲವತ್ತೈದು ದಾಟಿದವನು, ಬೇಕರಿಯ ವ್ಯಾನು ಓಡಿಸುವವನು. ಊಟ ಮುಗಿಸಿ ಸುಲೈಮಾನಿ ಚಹಾ ಕುಡಿಯುತ್ತಾ ಯೂಸುಫ್ ಕಾಕನ ಮೂಗಿನ ಮೇಲಿದ್ದುದನ್ನು ತೆಗೆದು ತಾನು ಹಾಕಿಕೊಂಡು ನೋಡಿದ.

"ಎಂತ ಕಾಕ, ಇದರಲ್ಲಿ ಗಾಜು ಉಂಟಾ ಬರೇ ಚೌಕಟ್ಟಾ? ನಂಗೆ ಎಂತದೂ ಗೊತ್ತಾಗುದಿಲ್ಲ."

"ನಂಬರು ಕಮ್ಮಿ."

"ಕಮ್ಮಿ ಅಂದ್ರೆ ಕಣ್ಣು ಒಳ್ಳೇದುಂಟು ಅಂತ. ಮತ್ತೆ ಮುಖ ಯಾಕೆ ಹಾಗೆ ಇಟ್ಕೊಂಡಿದ್ದೀರಿ, ಬೇಯದ ಬಸಳೆ ತಿಂದ ಹಾಗೆ?"

ಯೂಸುಫ್ ಕಾಕ ಕನ್ನಡಕವನ್ನು ವಾಪಸು ಇಸಿದುಕೊಂಡು ಹೇಳಿದರು. "ನಿಝಾಮ್, ನಂಗೆ ಸರಿ ಕಾಣುದಿಲ್ಲ ಮಾರಾಯ. ಡಾಕ್ಟರಿಗೆ ಕಣ್ಣು ಸರಿ ಉಂಟು. ಕನ್ನಡಕದವಳಿಗೆ ಕನ್ನಡಕ ಸರಿ ಉಂಟು. ನಂಗೆ ಮಾತ್ರ ಗಿಡ ಮನುಷ್ಯನ ಹಾಗೆ ಕಾಣ್ತದೆ."

"ಕ್ಲಿನಿಕ್ಕಲ್ಲಿ ಬೋರ್ಡು ಓದಿದ್ದೀರಲ್ಲ?"

"ಓದಿದೆ."

"ಕಂಡು ಓದಿದ್ದಾ?"

ಯೂಸುಫ್ ಕಾಕನ ಕಣ್ಣು ಗೋಡೆಯ ಕಡೆಗೆ ಹೋಯಿತು. ನಿಝಾಮ್ ಗೋಡೆಯ ಮೇಲಿನ ಹಳದಿ ಹಾಳೆಯನ್ನು ನೋಡಿದ. ನೋಡಿ ನಗು ತಡೆಯಲಾರದೆ ಲೋಟ ಕೆಳಗಿಟ್ಟ. "ಅಲ್ಲಾ ಕಾಕ! ಲೈಸೆನ್ಸಿನ ಪೊಲೀಸಿನವರಿಗೆ ಹೇಳುದನ್ನ ಡಾಕ್ಟರಿಗೆ ಹೇಳಿ ಬಂದ್ರಾ? ನೀವೇ ನಿಮ್ಗೆ ಮೋಸ ಮಾಡಿದ ಹಾಗೆ ಆಯ್ತಲ್ಲ!"

"ನಗಬೇಡ."

"ನಗುದಿಲ್ಲ, ನಗುದಿಲ್ಲ. ಆದ್ರೆ ನಿಮ್ಗೆ ಈಗ ಬೇಕಾದ್ದು ಲೈಸೆನ್ಸು. ಅದಕ್ಕೆ ಹಾಳೆ ಉಂಟು, ಬಾಯಿ ಉಂಟು. ಕನ್ನಡಕ ಮೂಗಿನ ಮೇಲಿದ್ರೆ ಇನ್ನೂ ಒಳ್ಳೇದು, ಅವ್ರು ನಂಬ್ತಾರೆ. ಖಲಾಸ್. ಲೈಸೆನ್ಸು ಕೈಗೆ ಬರ್ಲಿ, ಆಮೇಲೆ ಊರಿಗೆ ಹೋದಾಗ ಮಂಗಳೂರಲ್ಲಿ ಬೇರೆ ಕನ್ನಡಕ ಮಾಡಿಸಿ. ಈಗ ಹೋಗಿ ನಾನು ಸುಳ್ಳು ಹೇಳಿದ್ದು ಅಂದ್ರೆ ಅವ್ರು ಎಲ್ಲಿಗೆ ಬರೆದು ಹಾಕ್ತಾರೋ, ಎಂತ ಕಥೆಯೋ."

ಅದು ಬುದ್ಧಿಯ ಮಾತೇ ಆಗಿತ್ತು. ಯೂಸುಫ್ ಕಾಕ ಅದನ್ನು ಒಪ್ಪಿಕೊಂಡು ಕೋಣೆಗೆ ಮರಳಿದರು.

ಶನಿವಾರ ಏನೂ ಆಗಲಿಲ್ಲ. ಭಾನುವಾರ ಮಧ್ಯಾಹ್ನ ಜುವೈರಿಯಾಳನ್ನು ಕರೆದುಕೊಂಡು ಬರುವಾಗ ಅದೇ ತಿರುವು ಬಂತು. ಗೋಣಿ ಸುತ್ತಿದ ಗಿಡಗಳ ಸಾಲು. ಈಗ ಅವರಿಗೆ ಗೊತ್ತಿತ್ತು, ಅವೆಲ್ಲ ಗಿಡ. ವೇಗ ತಗ್ಗಿಸದೆ ಹೋದರು. ಸಾಲಿನ ಕೊನೆಯ ಗಿಡ ರಸ್ತೆಗೆ ಕಾಲಿಟ್ಟಿತು.

ಬ್ರೇಕು ಒತ್ತಿದರು. ಜುವೈರಿಯಾಳ ಟಿಫಿನ್ ಡಬ್ಬಿ ಮುಂದಿನ ಸೀಟಿಗೆ ಹಾರಿತು. ಕಂದು ಅಂಗಿಯ ಒಬ್ಬ ಮುನಿಸಿಪಾಲಿಟಿಯ ಕೆಲಸದವನು, ಗಿಡಗಳಿಗೆ ನೀರು ಬಿಡುವವನು, ಒಂದು ಹೆಜ್ಜೆ ಹಿಂದೆ ಸರಿದು ನಿಂತಿದ್ದ. ಅವನ ಕೈಯ ಪೈಪಿನಿಂದ ನೀರು ಗಾಡಿಯ ಬಾನೆಟ್ಟಿನ ಮೇಲೆ ಬೀಳುತ್ತಿತ್ತು. ಅವನಿಗೂ ಗಾಡಿಗೂ ನಡುವೆ ಒಂದು ಮೊಳ. ಅವನು ಬೈಯಲಿಲ್ಲ. ತಪ್ಪು ತನ್ನದೇ ಎಂಬಂತೆ ಕೈ ಎತ್ತಿ ಎದೆಗೆ ಇಟ್ಟುಕೊಂಡು ದಾರಿ ಬಿಟ್ಟ.

ಹಿಂದಿನ ಸೀಟಿನಲ್ಲಿ ಹುಡುಗಿ ನಗಲಿಲ್ಲ. ಇಳಿಯುವಾಗ ಮಾತ್ರ ಕೇಳಿದಳು: "ಯೂಸುಫ್, ನಿನಗೆ ಅವನು ಕಾಣಲಿಲ್ಲವಾ?"

"ಕಂಡ."

ಅವಳು ಅವರ ಮುಖ ನೋಡಿದಳು. ಡಬ್ಬಿ ತೆಗೆದುಕೊಂಡು ಒಳಗೆ ಹೋದಳು.

ಆ ಸಂಜೆ ಮಗ್ರಿಬ್‌ಗೆ ಯೂಸುಫ್ ಕಾಕ ಕೋಣೆಯಲ್ಲೇ ನಮಾಜಿಗೆ ನಿಂತರು. ಮೂರು ರಕಾತ್. ಕೊನೆಯಲ್ಲಿ ಕುಳಿತು ಅತ್ತಹಿಯ್ಯಾತ್ ಓದುತ್ತಾ, ದೇವರೊಬ್ಬನೇ ಎಂದು ಸಾಕ್ಷಿ ಹೇಳುವ ಜಾಗಕ್ಕೆ ಬಂದಾಗ, ಬಲಗೈಯ ತೋರುಬೆರಳು ಎದ್ದಿತು. ಐವತ್ತು ವರ್ಷಗಳಿಂದ ದಿನಕ್ಕೆ ಐದು ಹೊತ್ತು ಏಳುವ ಬೆರಳು. ಆದರೆ ಅಂದು ಅವರ ಕಣ್ಣು ಅದರ ಮೇಲೆ ನಿಂತಿತು. ಬೋರ್ಡಿನ ಮುಂದೆ ಬಲ, ಕೆಳಗೆ, ಎಡ ಎಂದು ತೋರಿಸಿದ್ದೂ ಇದೇ. ಬೇರೆ ಬೆರಳಲ್ಲ.

ಸಲಾಮು ಹೇಳಿ ನಮಾಜು ಮುಗಿಸಿದರು. ಎದ್ದು ಹೋಗಿ ಗಾಡಿಯ ಕೀಲಿಕೈಯನ್ನು ಅಡುಗೆಮನೆಯ ಕೊಕ್ಕೆಗೆ ಸಿಕ್ಕಿಸಿದರು. ನಾಳೆ ಪೆರೇರನನ್ನು ಕರೆಸಲು ಹೇಳು ಎಂದು ಅಡುಗೆಯವಳಿಗೆ ಹೇಳಿ, ಕೋಣೆಗೆ ಬಂದು ಮಲಗಿದರು.

ಮರುದಿನ ಕ್ಲಿನಿಕ್ಕಿನಲ್ಲಿ ಹೇಮಲತಾ ಅವರನ್ನು ಗುರುತಿಸಿದಳು. "ಬನ್ನಿ ಚಾಚಾ, ಕನ್ನಡಕ ತಂದ್ರಾ? ಹೇಗುಂಟು?" ಎಂದು ಹಿಂದಿಯಲ್ಲೇ ಶುರು ಮಾಡಿದಳು. ಯೂಸುಫ್ ಕಾಕ ಕುಳಿತುಕೊಳ್ಳಲಿಲ್ಲ.

"ಸಿಸ್ಟರ್, ನಾನು ಉಳ್ಳಾಲದವ. ಕನ್ನಡದಲ್ಲೇ ಹೇಳ್ತೇನೆ, ಹಿಂದಿಯಲ್ಲಿ ಹೇಳ್ಲಿಕ್ಕೆ ಆಗುದಿಲ್ಲ."

"ಓ, ನಾನು ಕಾಪುವಿನವಳು. ಆವತ್ತು ಹೇಳ್ಲೇ ಇಲ್ಲ ನೀವು. ಎಂತಾಯ್ತು?"

"ಈ ಬೋರ್ಡು ನಂಗೆ ಬಾಯಿಪಾಠ. ಆವತ್ತು ನಾನು ಕಂಡು ಹೇಳಿದ್ದಲ್ಲ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಯೂಸುಫ್ ಕಾಕ ಬೋರ್ಡಿಗೆ ಬೆನ್ನು ಹಾಕಿ ನಿಂತು, ಮೇಲಿನಿಂದ ಐದನೇ ಸಾಲಿನವರೆಗೆ ಬೆರಳಿನಲ್ಲಿ ತೋರಿಸಿದರು. ಅವಳು ಅವರ ಬೆರಳನ್ನೂ ಬೋರ್ಡನ್ನೂ ಒಂದಾದ ಮೇಲೊಂದು ನೋಡುತ್ತಾ ಹೋದಳು. ಮುಗಿದ ಮೇಲೆ ಬಾಗಿಲು ಮುಚ್ಚಿ ಬಂದಳು.

"ಈ ಕನ್ನಡಕದಲ್ಲಿ ಗಾಡಿ ಬಿಟ್ಟಿದ್ದೀರಾ?"

"ಒಂಬತ್ತು ದಿನ."

"ಗಾಡಿಯಲ್ಲಿ ಯಾರು ಇದ್ರು?"

"ಮನೆಯ ಮಗು."

ಹೇಮಲತಾ ಕುತ್ತಿಗೆಯಲ್ಲಿದ್ದ ಕನ್ನಡಕವನ್ನು ಮೂಗಿಗೇರಿಸಿ ಅವರ ಹಳೆಯ ಕಾಗದವನ್ನು ತೆಗೆದು ತುಂಬ ಹೊತ್ತು ಓದಿದಳು. ಯೂಸುಫ್ ಕಾಕ ನಿಂತೇ ಇದ್ದರು.

"ನನ್ನದೂ ತಪ್ಪುಂಟು," ಎಂದಳು ಕೊನೆಗೆ. "ಮಿಷನ್ ಒಂದು ಹೇಳಿತ್ತು, ನೀವೊಂದು ಹೇಳಿದ್ರಿ. ನಾನು ನಿಮ್ಮನ್ನು ನಂಬಿದೆ. ಇನ್ನು ನಂಬುದಿಲ್ಲ. ಕೂತ್ಕೊಳ್ಳಿ ಕಾಕ."

ಗೋಡೆಯ ಬೋರ್ಡನ್ನು ಮೊಳೆಯಿಂದ ತೆಗೆದು ಗೋಡೆಗೆ ಮುಖ ಮಾಡಿ ನೆಲಕ್ಕಿಟ್ಟಳು. ಬೀರುವಿನಿಂದ ಅಂಕಿಗಳ ಬೇರೊಂದು ಬೋರ್ಡು ತಂದು ತೂಗುಹಾಕಿದಳು. ಅಂಕಿ ಅವರಿಗೆ ಬರುತ್ತಿತ್ತು; ಗಾಡಿಯ ನಂಬರು ಓದದ ಡ್ರೈವರ್ ಇದ್ದಾನೆಯೇ? ಎರಡನೇ ಸಾಲಿನಲ್ಲಿ ನಿಂತರು.

"ಇದು ಮೂರಾ ಎಂಟಾ ಗೊತ್ತಾಗುದಿಲ್ಲ, ಸಿಸ್ಟರ್."

"ಗೊತ್ತಾಗುದಿಲ್ಲ ಅಂದ್ರೆ ಗೊತ್ತಾಗುದಿಲ್ಲ. ಅಷ್ಟೇ ಹೇಳಿ. ಅದನ್ನು ಕೇಳ್ಲಿಕ್ಕೇ ನನ್ನನ್ನು ಇಲ್ಲಿ ಕೂರಿಸಿದ್ದು."

ಅಂದು ಅವರು ಮೂವತ್ತು ಸಲವಾದರೂ ಗೊತ್ತಾಗುವುದಿಲ್ಲ ಎಂದಿರಬೇಕು. ಡಾಕ್ಟರನ್ನೂ ಕರೆದಳು. ಆಪರೇಷನ್ನಿನಲ್ಲಿ ಹಾಕಿದ, ಕೂದಲಿಗಿಂತ ಸಪೂರದ ಎರಡು ಹೊಲಿಗೆ ಕಣ್ಣಿನ ಗೋಲವನ್ನು ಒಂದೇ ಬದಿಗೆ ಎಳೆದು ಹಿಡಿದಿದ್ದವು. ನೆರಳು ಕಾಣುವುದೂ ಸಾಲುಗಳು ಅಲುಗಾಡುವುದೂ ಅದರಿಂದಲೇ. ಮೊದಲ ದಿನವೇ ಕಾಣುವುದಿಲ್ಲ ಎಂದಿದ್ದರೆ ಆಗಲೇ ಬಿಚ್ಚುತ್ತಿದ್ದೆ ಎಂದರು ಡಾಕ್ಟರು. ಹನಿ ಹಾಕಿ, ಎರಡನ್ನೂ ಕತ್ತರಿಸಿ ತೆಗೆದರು. ಮೂರು ವಾರ ಕಳೆದು ಬರಬೇಕು, ಆಗ ನಂಬರು. ಅಲ್ಲಿಯವರೆಗೆ ಗಾಡಿ ಮುಟ್ಟಬಾರದು.

ಮೂರು ವಾರವೆಂದರೆ ಲೈಸೆನ್ಸಿನ ಕೊನೆಯ ದಿನಕ್ಕೆ ಹತ್ತೇ ದಿನ ಉಳಿಯುತ್ತಿತ್ತು.

ಜುವೈರಿಯಾಳ ತಾಯಿಯನ್ನು ಮನೆಯ ಕೆಲಸದವರೆಲ್ಲ ಮಾಮಾ ಎಂದು ಕರೆಯುತ್ತಿದ್ದರು. ಅದೇ ಸಂಜೆ ಆಕೆ ಅಂಗಳದ ನೆರಳಿನಲ್ಲಿ ಕುಳಿತು ಪುದೀನ ಬಿಡಿಸುತ್ತಿದ್ದಾಗ ಯೂಸುಫ್ ಕಾಕ ಹೋಗಿ ಎದುರು ನಿಂತು ಎಲ್ಲವನ್ನೂ ಹೇಳಿದರು. ತಮಗೆ ಬರುವ ಮುರುಕು ಅರಬಿಯಲ್ಲಿ ಹೇಳಿದ್ದರಿಂದ ಮಾತು ಗಿಡ್ಡವಾಗಿತ್ತು. ಮುಚ್ಚಿಡಲು ಎಡೆ ಸಿಗಲಿಲ್ಲ. ಬೋರ್ಡು, ಬಾಯಿಪಾಠ, ನೀರು ಬಿಡುವ ಮನುಷ್ಯ.

ಮಾಮಾ ಪುದೀನ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಐದು ವರ್ಷದ ಹಿಂದೆ? ಆಗಲೂ ಹೀಗೆಯೇ?"

"ಹೌದು, ಮಾಮಾ."

"ಆಗ ನನ್ನ ನಾಲ್ಕೂ ಮಕ್ಕಳು ಆ ಗಾಡಿಯಲ್ಲಿದ್ದರು."

"ಹೌದು."

ತೊಟ್ಟುಗಳ ರಾಶಿ ಸ್ವಲ್ಪ ಬೆಳೆಯಿತು. "ಹುಡುಗಿ ನಿನ್ನೆ ನನಗೆ ಹೇಳಿದಳು," ಎಂದಳು ಮಾಮಾ. "ಯೂಸುಫ್ ಸುಳ್ಳು ಹೇಳಿದ, ಅವನಿಗೆ ಆ ಮನುಷ್ಯ ಕಾಣಲಿಲ್ಲ, ಅಂತ. ನೀನು ಬರುತ್ತೀಯೋ ಇಲ್ಲವೋ ಎಂದು ನೋಡುತ್ತಿದ್ದೆ. ಇವತ್ತು ಬಾರದಿದ್ದರೆ ನಾಳೆ ನಿನ್ನ ಟಿಕೆಟ್ ಮಾಡಿಸುವವಳಿದ್ದೆ." ಸೊಪ್ಪನ್ನು ತಟ್ಟೆಗೆ ಹಾಕಿ ಎದ್ದಳು. "ಕಣ್ಣು ಸರಿಯಾಗಲಿ. ಲೈಸೆನ್ಸು ಸಿಕ್ಕಿದರೆ ಇರು. ಸಿಗದಿದ್ದರೆ ನಾನು ಯಾರಲ್ಲೂ ಹೋಗಿ ಹೇಳುವುದಿಲ್ಲ. ಮಾಫಿ ವಾಸ್ತಾ." ವಶೀಲಿ ಇಲ್ಲ ಎಂದು ಅದರ ಅರ್ಥ. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ.

ಮೂರು ವಾರ ಯೂಸುಫ್ ಕಾಕ ಅಂಗಳದ ಗಿಡಗಳಿಗೆ ನೀರು ಹಾಕಿದರು, ಗಾಡಿ ತೊಳೆದರು, ಬೆಳಿಗ್ಗೆ ಗೇಟು ತೆಗೆದು ಪೆರೇರನ ಹಿಂದೆ ಕುಳಿತ ಹುಡುಗಿಗೆ ಕೈ ಮಾಡಿದರು. ಬಕ್ರೀದ್ ಬಂದು ಹೋಯಿತು. ಊರಿಗೆ ಬರೆದ ಕಾಗದದಲ್ಲಿ ಕಣ್ಣಿನ ವಿಷಯ ಎರಡೇ ಸಾಲು: ಕನ್ನಡಕ ಬರುವುದು ಸ್ವಲ್ಪ ತಡವಾಗುತ್ತದೆ, ಚಿಂತೆ ಬೇಡ, ದುವಾ ಮಾಡು.

ಮೇ ತಿಂಗಳ ನಡುವಿನಲ್ಲಿ ಹೇಮಲತಾ ಮತ್ತೆ ಅಂಕಿಯ ಬೋರ್ಡು ಹಾಕಿ ನಂಬರು ಬರೆದಳು. ಈ ಸಲ ಬಲಗಣ್ಣಿನ ಗಾಜು ಗೋಲದ ಓರೆ ತಿದ್ದುವ ನಂಬರಿನದ್ದು, ಎಡಗಣ್ಣಿನದ್ದು ದಪ್ಪ. ಆ ಕಣ್ಣಿಗೂ ಪೊರೆ ಶುರುವಾಗಿದೆ, ಮುಂದಿನ ವರ್ಷ ತೆಗೆಸಬೇಕು ಎಂದರು ಡಾಕ್ಟರು. ಕನ್ನಡಕ ಸಿದ್ಧವಾದ ದಿನ ಅವಳು ಅದನ್ನು ತಾನೇ ಅವರ ಕಿವಿಗೆ ಸಿಕ್ಕಿಸಿ ಸರಿಮಾಡಿದಳು. ಹಳೆಯ ಬಾಚಣಿಗೆ ಬೋರ್ಡನ್ನು ಎತ್ತಿ ಮೊಳೆಗೆ ಹಾಕಿದಳು.

"ಈಗ ಇದನ್ನು ಓದಿ. ನಿಧಾನ."

"ಇದು ನಂಗೆ ಗೊತ್ತುಂಟಲ್ಲ, ಸಿಸ್ಟರ್."

"ಗೊತ್ತಿದ್ದದ್ದು ಬೇಡ. ಕಂಡದ್ದು."

ಗುರುತುಗಳು ಒಂದೊಂದೂ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದವು. ನೆರಳಿರಲಿಲ್ಲ. ಮೂರು ಹಲ್ಲಿಗೆ ಮೂರೇ ಹಲ್ಲು. ಬೆರಳು ತನ್ನ ಅಭ್ಯಾಸದ ದಾರಿಯಲ್ಲಿ ಹೊರಟಿತು, ಕಣ್ಣು ಹಿಂದಿನಿಂದ ಬಂದು ಪ್ರತಿಯೊಂದಕ್ಕೂ ಹೌದು ಎನ್ನುತ್ತಾ ಬಂತು. ಐದನೇ ಸಾಲು. ಮೇಲೆ. ಕೆಳಗೆ. ಬೆರಳು ಎಡಕ್ಕೆ ಹೋಯಿತು. ಹೋಗಿ ಅಲ್ಲೇ ನಿಂತಿತು.

ಬಾಚಣಿಗೆಯ ಹಲ್ಲು ಬಲಕ್ಕಿತ್ತು.

ಯೂಸುಫ್ ಕಾಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬಲಕ್ಕೇ ಇತ್ತು. ಅದರ ಪಕ್ಕದ್ದೂ ಬಲಕ್ಕೆ. ಎರಡು ಒಟ್ಟಿಗೆ ಒಂದೇ ಬದಿಗೆ.

"ಇದು ಬೇರೆ ಬೋರ್ಡಾ?"

"ಅದೇ ಬೋರ್ಡು."

"ಇದು ಮೊದಲು ಎಡಕ್ಕಿತ್ತು."

"ನಾನು ಇಲ್ಲಿಗೆ ಬಂದು ಎಂಟು ವರ್ಷ ಆಯ್ತು, ಕಾಕ. ಅದು ಬಲಕ್ಕೇ ಉಂಟು. ಆವತ್ತೂ ನೀವು ಎಡ ಅಂತ ತೋರಿಸಿದ್ದು. ಒಂದೇ ತಪ್ಪು ಅಂತ ನಾನು ಬರೆದೆ." ಅವಳು ಮೊದಲ ಸಲ ನಕ್ಕಳು. "ನಿಮ್ಮ ರೂಮಿನ ಹಾಳೆ ಬರೆದವರಿಗೂ ಕನ್ನಡಕ ಬೇಕಿತ್ತು ಅಂತ ಕಾಣ್ತದೆ."

ಥಿಯೋಡೋರನ ಕಣ್ಣು ಚೆನ್ನಾಗಿಯೇ ಇತ್ತು. ಎರಡು ಬಾಚಣಿಗೆ ಒಂದೇ ಬದಿಗೆ ಇರುವುದು ಬೋರ್ಡು ಬರೆಯುವ ಅವನ ಕೈಗೆ ಸರಿ ಕಂಡಿರಲಿಕ್ಕಿಲ್ಲ, ಅಷ್ಟೇ. ಇಪ್ಪತ್ತು ವರ್ಷ ಆ ರೂಮಿನ ಗಂಡಸರೆಲ್ಲ ಅದೇ ಜಾಗದಲ್ಲಿ ಎಡಕ್ಕೆ ತೋರಿಸಿದ್ದರು. ಒಂದು ತಪ್ಪಿಗೆ ರಿಯಾಯಿತಿ ಇದ್ದುದರಿಂದ ಯಾರೂ ಅದನ್ನು ಕೇಳಿರಲಿಲ್ಲ.

ನಾಲ್ಕು ದಿನ ಬಿಟ್ಟು ಯೂಸುಫ್ ಕಾಕ ಲೈಸೆನ್ಸ್ ಕಚೇರಿಯಲ್ಲಿ ಅದೇ ಕಂಪನಿಯ ಬೋರ್ಡಿನ ಮುಂದೆ ಕುಳಿತರು. ಎಡಗಣ್ಣಲ್ಲಿ ನಾಲ್ಕನೇ ಸಾಲಿಗೆ ನಿಂತು, "ಇನ್ನು ಕಾಣುವುದಿಲ್ಲ" ಎಂದರು. ಸಮವಸ್ತ್ರದ ಯುವಕ ತಲೆ ಎತ್ತಿ ನೋಡಿದ. ಅಲ್ಲಿ ಹಾಗೆ ಹೇಳುವವರು ಕಡಿಮೆ ಇರಬೇಕು. ಬಲಗಣ್ಣಲ್ಲಿ ಐದನೇ ಸಾಲಿನ ಮೂರನೆಯದಕ್ಕೆ ಬಲಕ್ಕೆ ತೋರಿಸಿದರು. ಅವನು ಏನೋ ಬರೆದು, ಒಳಗೆ ಹೋಗಿ ಯಾರನ್ನೋ ಕೇಳಿ ಬಂದು ಮುದ್ರೆ ಒತ್ತಿದ. ಕನ್ನಡಕವಿಲ್ಲದೆ ಓಡಿಸಬಾರದು, ಎರಡು ವರ್ಷಕ್ಕೆ ಮತ್ತೆ ಬಂದು ತೋರಿಸಬೇಕು. ಐದಲ್ಲ, ಎರಡು. ಝುಲೈಖಾಳ ಓದಿಗೆ ಅದು ಸಾಕಿತ್ತು.

ಶುಕ್ರವಾರ ರೂಮಿನಲ್ಲಿ ಸಂಗತಿ ಕೇಳಿದ ನಿಝಾಮ್ ಮೊದಲು ನಂಬಲಿಲ್ಲ. ಆಮೇಲೆ ಗೋಡೆಯಿಂದ ಹಾಳೆ ಇಳಿಸಿ ಪೆನ್ಸಿಲು ಹುಡುಕಿದ. "ಎಷ್ಟನೆಯದು ಕಾಕ? ಮೂರನೆಯದಾ? ನಂದು ಅಕ್ಟೋಬರಿಗೆ ಉಂಟು. ಈ ಸಲ ಒಂದೂ ತಪ್ಪಾಗದ ಹಾಗೆ ಹೇಳ್ತೇನೆ ನೋಡಿ." ಹಾಳೆಯನ್ನು ಕೈ ಚಾಚಿ ದೂರ ಹಿಡಿದ, ಹತ್ತಿರ ತಂದ, ಮತ್ತೆ ದೂರ ಹಿಡಿದ.

ಯೂಸುಫ್ ಕಾಕ ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡು, ಮಡಚಿ, ಜೇಬಿಗೆ ಹಾಕಿಕೊಂಡರು.

"ಇದೆಂತ ಕಾಕ, ರೂಮಿನ ಆಸ್ತಿ ಅದು!"

"ನಾಳೆ ಸಂಜೆ ನಾಲ್ಕಕ್ಕೆ ತಯಾರಿರು. ಕಾಪುವಿನವಳೊಬ್ಬಳು ಇದ್ದಾಳೆ. ಸುಳ್ಳು ಹೇಳಿದ್ರೆ ಬಾಗಿಲು ಹಾಕಿ ಬೈತಾಳೆ."

"ನಂಗೆ ಎಲ್ಲ ಸರಿ ಕಾಣ್ತದೆ."

"ಆಯ್ತು. ನಾಳೆ ಅವಳ ಹತ್ರ ಹೇಳು."

ಶನಿವಾರ ಬೆಳಿಗ್ಗೆ ಗಾಡಿ ಮತ್ತೆ ಯೂಸುಫ್ ಕಾಕನ ಕೈಗೆ ಬಂತು. ಜುವೈರಿಯಾ ಹತ್ತಿ ಕುಳಿತಳು, ಆದರೆ ಹಿಂದಕ್ಕೆ ಒರಗಲಿಲ್ಲ. ಎರಡು ಸೀಟುಗಳ ನಡುವೆ ತಲೆ ತೂರಿಸಿ ದಾರಿ ನೋಡುತ್ತಾ ಬಂದಳು. ತಿರುವು ಬಂದಾಗ ಬೆರಳು ಚಾಚಿದಳು.

"ಯೂಸುಫ್, ಅದು?"

"ಗಿಡ."

"ಅದು?"

"ಗಿಡ. ಹಗ್ಗ ಬಿಚ್ಚಿದೆ."

"ಅದು?"

ಯೂಸುಫ್ ಕಾಕ ಗಾಡಿ ನಿಧಾನಿಸಿದರು. "ಮನುಷ್ಯ. ತಲೆಗೆ ಕೆಂಪು ಬಟ್ಟೆ. ಒಂದು ಕಾಲಿಗೆ ಚಪ್ಪಲಿ ಇಲ್ಲ, ಹುಡುಕುತ್ತಿದ್ದಾನೆ."

ಹುಡುಗಿ ಕಿಟಕಿಯಿಂದ ನೋಡಿ ಪರೀಕ್ಷಿಸಿದಳು. ಚಪ್ಪಲಿ ನೀರಿನ ಕೆಸರಿನಲ್ಲಿ ಹುಗಿದಿತ್ತು. ಅವನು ಅದನ್ನು ಎತ್ತಿಕೊಂಡು, ಝಾಡಿಸಿ, ರಸ್ತೆ ದಾಟುವವರೆಗೆ ಯೂಸುಫ್ ಕಾಕ ನಿಂತರು. ಹಿಂದಿನ ಗಾಡಿಯವನು ಹಾರ್ನು ಹಾಕಿದ.

"ಯಲ್ಲಾ, ಹೊರಡು," ಎಂದಳು ಜುವೈರಿಯಾ, ಹಿಂದಕ್ಕೆ ಒರಗಿ. ಆ ಬೇಸಿಗೆ ರಜೆ ಬರುವವರೆಗೆ ಅವಳು ದಿನಾಲೂ ಹಾಗೆ ಕೇಳಿದಳು, ಅವರು ದಿನಾಲೂ ನೋಡಿ ಹೇಳಿದರು.